ನಮ್ಮ ನಿದ್ದೆಗೆ ಕಾನೂನಿಲ್ಲ, ಕಾಂಟ್ರಾಕ್ಟೇ ಗತಿ

2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವಲ್ಲ, ಆಗ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಸಿಟ್ಟೂ ಪೈಲಟ್‌ಗಳ ಮೇಲೆ. ಪುಣೆಯಿಂದ ಮದುವೆಗೆ ಬರಬೇಕಿದ್ದವರು ಅಲ್ಲೇ ಉಳಿದಿದ್ದರು, ಹಾಗಾಗಿ ಸಿಟ್ಟಿಗೆ ಕಾರಣವೂ ಇತ್ತು. "ಇವರಿಗೆ ಲಕ್ಷಗಟ್ಟಲೆ ಸಂಬಳ, ಅದರ ಮೇಲೆ ರೆಸ್ಟೂ ಬೇಕಂತೆ" ಅಂತ ಒಬ್ಬರು ಬರೆದರು. ಅದಕ್ಕೆ ಹತ್ತಾರು ಜನ ಹೆಬ್ಬೆರಳು ಎತ್ತಿದರು.

ವಿಮಾನಗಳು ರದ್ದಾದದ್ದು ಪೈಲಟ್‌ಗಳ ವಿಶ್ರಾಂತಿಗೆ ಭಾರತ ತಂದ ಹೊಸ ನಿಯಮಕ್ಕೆ ಕಂಪನಿ ಸಜ್ಜಾಗಿರದೆ. ಆ ನಿಯಮದಲ್ಲಿ ಇದ್ದದ್ದು ಇಷ್ಟು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ನಡುರಾತ್ರಿಯಿಂದ ಬೆಳಗ್ಗೆ ಆರರ ತನಕ ಆರು ಲ್ಯಾಂಡಿಂಗ್ ಮಾಡಿಸಬಹುದಾಗಿದ್ದ ಕಡೆ ಎರಡೇ ಅಂತಾಯಿತು. ಈ ನಿಯಮ ಬರುತ್ತದೆ ಅನ್ನೋದು 2024ರ ಜನವರಿಯಲ್ಲೇ ಪ್ರಕಟವಾಗಿತ್ತು. ಎರಡನೇ ಹಂತ ಜಾರಿಗೆ ಬಂದದ್ದು 2025ರ ನವೆಂಬರ್ 1ಕ್ಕೆ. ನಡುವೆ ಸುಮಾರು ಎರಡು ವರ್ಷ ಸಮಯವಿತ್ತು. ಇದನ್ನೆಲ್ಲ ಗುಂಪಿನಲ್ಲಿ ಬರೆಯಲು ಕೂತೆ, ಉದ್ದವಾಯಿತು. ಬರೆಯುತ್ತಾ ಹೋದಂತೆ ಇಂಡಿಗೋ ಹಿಂದೆ ಸರಿದು ನನ್ನ ಸ್ವಂತ ಕೆಲಸದ ಮಾತೇ ಮುಂದೆ ಬಂತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅಮೆರಿಕದಲ್ಲಿ ಸರಕು ವಿಮಾನ ಹಾರಿಸುತ್ತೇನೆ. ಬೆಂಗಳೂರಿನ ಜಕ್ಕೂರಿನಲ್ಲಿ ಸಣ್ಣ ಸೆಸ್ನಾ ವಿಮಾನದಲ್ಲಿ ಕಲಿತವಳು, ಮದುವೆಯಾಗಿ ಇಲ್ಲಿಗೆ ಬಂದು ಮತ್ತೆ ಮೊದಲಿನಿಂದ ಲೈಸೆನ್ಸು, ಹಾರಾಟದ ಗಂಟೆಗಳು ಎಲ್ಲ ಜೋಡಿಸಿಕೊಂಡು ಈಗ ಬೋಯಿಂಗ್ 767ರಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಸೀಟಿನ ಎರಡನೇ ಪೈಲಟ್. ಮನೆ ಕೆಂಟಕಿಯ ಉತ್ತರ ತುದಿಯಲ್ಲಿ. ನದಿ ದಾಟಿದರೆ ಒಹಾಯೊ. ದೊಡ್ಡ ಹೆಸರಿನವರ ಪೆಟ್ಟಿಗೆಗಳನ್ನು ಗುತ್ತಿಗೆಯ ಮೇಲೆ ಹೊತ್ತು ಹಾರುವ ಕಂಪನಿ ನಮ್ಮದು. ಹೆಸರು ಬರೆಯೋದಿಲ್ಲ. ನಮ್ಮ ಕಾಂಟ್ರಾಕ್ಟ್ ಮಾತುಕತೆ ಹತ್ತಿರ ಬರುತ್ತಿದೆ, ನಾನು ಯೂನಿಯನ್ನಿನ ಸ್ವಯಂಸೇವಕಿ. ಬಿಡುವಿನ ದಿನಗಳಲ್ಲಿ ಸಹೋದ್ಯೋಗಿಗಳಿಗೆ ಫೋನ್ ಮಾಡಿ ಏನು ಬೇಕು, ಏನು ಬೇಡ, ಯಾವುದಕ್ಕೆ ಪಟ್ಟು ಹಿಡಿಯಬೇಕು ಅಂತ ಕೇಳಿ ಬರೆದುಕೊಳ್ಳೋದು ನನ್ನ ಪಾಲಿನ ಕೆಲಸ.

ಪೈಲಟ್‌ಗಳ ಕಾಂಟ್ರಾಕ್ಟ್ ಅಂದಕೂಡಲೇ ಪತ್ರಿಕೆಗಳು ಶೇಕಡಾವಾರು ಸಂಬಳ ಬರೆಯುತ್ತವೆ. ಓದಿದವರ ಮನಸ್ಸಿನಲ್ಲಿ ಉಳಿಯುವುದೂ ಅದೇ. ಆದರೆ ಸರಕು ಪೈಲಟ್‌ಗಳ ಮಟ್ಟಿಗೆ ಆ ದಪ್ಪ ಕಡತದ ಒಳಗೆ ಇನ್ನೊಂದು ಸಂಗತಿ ಇದೆ. ಅದನ್ನು ಹೇಳಲು 2009ಕ್ಕೆ ಹೋಗಬೇಕು.

ಆ ವರ್ಷ ಫೆಬ್ರುವರಿ 12ರ ರಾತ್ರಿ ನ್ಯೂಯಾರ್ಕ್ ರಾಜ್ಯದ ಬಫಲೋ ಹತ್ತಿರ ಕೋಲ್ಗನ್ ಏರ್‌ನ ಪ್ರಯಾಣಿಕ ವಿಮಾನವೊಂದು ಮನೆಯೊಂದರ ಮೇಲೆ ಬಿತ್ತು. 50 ಜನ ಸತ್ತರು. ಇಬ್ಬರು ಪೈಲಟ್‌ಗಳೂ ಹಿಂದಿನ ರಾತ್ರಿ ಸರಿಯಾಗಿ ಹಾಸಿಗೆ ಕಂಡವರಲ್ಲ. ಸತ್ತವರ ಕುಟುಂಬಗಳು ವಾಷಿಂಗ್ಟನ್ನಿಗೆ ಅಲೆದು ಅಲೆದು ಕಾನೂನು ಬದಲಿಸಿದವು. 2014ರ ಜನವರಿಯಿಂದ ಜಾರಿಗೆ ಬಂದ ಆ ನಿಯಮಕ್ಕೆ ಇಲ್ಲಿ ಎಲ್ಲರೂ 'ಪಾರ್ಟ್ 117' ಅಂತಾರೆ. ಎರಡು ಡ್ಯೂಟಿಗಳ ನಡುವೆ ಕನಿಷ್ಠ 10 ಗಂಟೆ ವಿಶ್ರಾಂತಿ, ಅದರಲ್ಲಿ ಅಡ್ಡಿಯಿಲ್ಲದೆ 8 ಗಂಟೆ ಮಲಗಲು ಅವಕಾಶ. ಡ್ಯೂಟಿ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅನ್ನೋದನ್ನು ನೋಡಿ ಎಷ್ಟು ಗಂಟೆ ದುಡಿಸಬಹುದು ಅಂತ ನಿಗದಿ. ನಡುರಾತ್ರಿ ಶುರುವಾದರೆ ಮಿತಿ ಕಡಿಮೆ, ಬೆಳಗ್ಗೆ ಶುರುವಾದರೆ ಹೆಚ್ಚು. ದೇಹದ ಗಡಿಯಾರಕ್ಕೆ ಕಾನೂನು ಕೊಟ್ಟ ಮರ್ಯಾದೆ ಅದು.

ಆ ಮರ್ಯಾದೆ ನಮಗೆ ಸಿಗಲಿಲ್ಲ. ಸರಕು ವಿಮಾನಗಳನ್ನು ಆ ನಿಯಮದಿಂದ ಹೊರಗಿಟ್ಟರು. ಖರ್ಚಿಗೆ ಹೋಲಿಸಿದರೆ ಲಾಭ ಸಾಲದು ಅನ್ನೋದು ಸರ್ಕಾರ ಕೊಟ್ಟ ಕಾರಣ. ವಿಮಾನ ಬಿದ್ದರೆ ಸಾಯೋದು ಇಬ್ಬರು, ಇನ್ನೂರು ಜನ ಅಲ್ಲ. ಲೆಕ್ಕ ಆ ಕಡೆಗೇ ವಾಲುತ್ತದೆ. ಸರಕು ಸಾಗಿಸುವ ದೊಡ್ಡ ಕಂಪನಿ ಯುಪಿಎಸ್ ಪೈಲಟ್‌ಗಳ ಯೂನಿಯನ್ ಆದ ಇಂಡಿಪೆಂಡೆಂಟ್ ಪೈಲಟ್ಸ್ ಅಸೋಸಿಯೇಷನ್ ಕೋರ್ಟಿಗೆ ಹೋಯಿತು. 2016ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಮ್ಮನ್ನೂ ಆ ನಿಯಮದೊಳಗೆ ತರುವ 'ಸೇಫ್ ಸ್ಕೈಸ್ ಆಕ್ಟ್' ಅನ್ನೋ ಮಸೂದೆ ಸಂಸತ್ತಿನಲ್ಲಿ ಮತ್ತೆ ಮತ್ತೆ ಮಂಡನೆಯಾಗಿದೆ, ಪಾಸಾಗಿಲ್ಲ. ಹಳೆಯ ನಿಯಮವೇ ನಮಗೆ ಇವತ್ತಿಗೂ ಅನ್ವಯ. ಇಬ್ಬರು ಪೈಲಟ್‌ಗಳ ವಿಮಾನದಲ್ಲಿ 24 ಗಂಟೆಯೊಳಗೆ 16 ಗಂಟೆ ತನಕ ಡ್ಯೂಟಿ ಮಾಡಿಸಲು ಅದರಲ್ಲಿ ಜಾಗವಿದೆ. ಹಗಲೋ ರಾತ್ರಿಯೋ ಅಂತ ಅದು ಕೇಳೋದಿಲ್ಲ.

2013ರ ಆಗಸ್ಟ್ 14, ಬೆಳಗಿನ ಜಾವ 4:47. ಲೂಯಿವಿಲ್‌ನಿಂದ ಹೊರಟ ಯುಪಿಎಸ್‌ನ ಏರ್‌ಬಸ್ ಎ300 ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ರನ್‌ವೇಗೆ ಮೊದಲೇ ದಿಬ್ಬಕ್ಕೆ ಬಡಿಯಿತು. ಉದ್ದದ ರನ್‌ವೇಯ ದೀಪದ ಕೆಲಸ ನಡೆಯುತ್ತಿದ್ದದ್ದರಿಂದ ಅದನ್ನು ಐದು ಗಂಟೆಯ ತನಕ ಮುಚ್ಚಿದ್ದರು. ಇವರು ಗಿಡ್ಡ ರನ್‌ವೇಗೆ, ಇಳಿಯುವ ಎತ್ತರವನ್ನು ತೋರಿಸುವ ಸಿಗ್ನಲ್ ಇಲ್ಲದ ದಾರಿಯಲ್ಲಿ ಬಂದಿದ್ದರು. ಕ್ಯಾಪ್ಟನ್, ಫಸ್ಟ್ ಆಫೀಸರ್ ಇಬ್ಬರೂ ತೀರಿಕೊಂಡರು. ಕಾಕ್‌ಪಿಟ್ ಧ್ವನಿಮುದ್ರಣದ ಬರಹರೂಪ ಆಮೇಲೆ ಬಹಿರಂಗವಾಯಿತು. ಹೊರಡುವ ಮೊದಲು ಅವರಿಬ್ಬರೂ ಮಾತಾಡಿದ್ದು ಇದೇ ವಿಷಯ: ಪ್ರಯಾಣಿಕ ಪೈಲಟ್‌ಗಳಿಗೆ ಬರಲಿರುವ ವಿಶ್ರಾಂತಿಯ ನಿಯಮ ನಮಗೆ ಯಾಕಿಲ್ಲ, ಸುರಕ್ಷತೆ ಅನ್ನೋದು ಎಲ್ಲರಿಗೂ ಒಂದೇ ಮಟ್ಟದಲ್ಲಿ ಇರಬೇಡವೇ ಅಂತ. ಮಲಗುವ ಕೋಣೆಯಲ್ಲಿ ಅಲಾರಂ ಹೊಡೆದಾಗ ಎಷ್ಟು ಸುಸ್ತಾಗಿತ್ತು ಅನ್ನೋದನ್ನೂ ಫಸ್ಟ್ ಆಫೀಸರ್ ಹೇಳಿಕೊಂಡಿದ್ದಾರೆ. ಹೆಚ್ಚು ಹೊತ್ತಾಗುವ ಮೊದಲೇ ಇಬ್ಬರೂ ಇಲ್ಲ.

ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಕಾರಣಗಳ ಪಟ್ಟಿಯಲ್ಲಿ ದಣಿವನ್ನೂ ಸೇರಿಸಿತು. ಪೂರ್ತಿ ಹೇಳಬೇಕೆಂದರೆ, ಆ ಫಸ್ಟ್ ಆಫೀಸರ್ ರಜೆಯ ಹೊತ್ತನ್ನು ನಿದ್ದೆಗೆ ಸರಿಯಾಗಿ ಬಳಸಲಿಲ್ಲ ಅಂತಲೂ ವರದಿ ಹೇಳುತ್ತದೆ. ಅವರ ಆ ಡ್ಯೂಟಿ ಹೊಸ ನಿಯಮದ ಅಳತೆಗೂ ಹೊಂದುತ್ತಿತ್ತು. ಹಾಗಾಗಿ ನಿಯಮ ಇದ್ದಿದ್ದರೆ ಅವರು ಬದುಕುತ್ತಿದ್ದರು ಅಂತ ನಾನು ವಾದಿಸುತ್ತಿಲ್ಲ. ನನ್ನನ್ನು ಹಿಡಿದಿಟ್ಟದ್ದು ಬೇರೆ. ಆಕೆ ನನ್ನ ಹಾಗೇ ಬಲಗಡೆ ಸೀಟಿನಲ್ಲಿ ಕೂರುವ ಹೆಂಗಸು. ವಾರದಲ್ಲಿ ರಾತ್ರಿ ಪಾಳಿ, ಹಗಲು ಬದುಕು, ಮತ್ತೆ ರಾತ್ರಿ ಪಾಳಿ ಅಂತ ದೇಹವನ್ನು ಹಿಂದೆ ಮುಂದೆ ಎಳೆದಾಡುವುದು ಏನು ಅನ್ನೋದು ನನಗೆ ಗೊತ್ತು. ನಾನು ಈ ಕೆಲಸಕ್ಕೆ ಸೇರುವ ಮೊದಲು ಆ ವರದಿಯನ್ನು ಪೂರ್ತಿ ಓದಿದ್ದೆ. ಸೇರಿದ ಮೇಲೆ ಓದಿದಾಗ ಅದು ಬೇರೆಯದೇ ಪುಸ್ತಕದಂತೆ ಕಂಡಿತು.

ಕಾನೂನು ಹೊರಗಿಟ್ಟ ಮೇಲೆ ನಮ್ಮ ನಿದ್ದೆಯನ್ನು ಕಾಯೋದು ಯಾವುದು? ಕಂಪನಿಯೂ ಯೂನಿಯನ್ನೂ ಸಹಿ ಹಾಕಿದ ಕಾಂಟ್ರಾಕ್ಟ್. ಫೆಡೆಕ್ಸ್‌ನಲ್ಲಿ, ಯುಪಿಎಸ್‌ನಲ್ಲಿ ಪೈಲಟ್‌ಗಳು ವರ್ಷಗಟ್ಟಲೆ ಗುದ್ದಾಡಿ ಸರ್ಕಾರದ ನಿಯಮಕ್ಕಿಂತ ಬಿಗಿಯಾದ ಮಿತಿಗಳನ್ನು ಅದರಲ್ಲಿ ಬರೆಸಿಕೊಂಡಿದ್ದಾರೆ. ಸಣ್ಣ ಕಂಪನಿಗಳಲ್ಲಿ ಬರೆಸಿಕೊಂಡದ್ದು ಕಡಿಮೆ. ಅಮೆರಿಕದ ಹೆಚ್ಚಿನ ಪೈಲಟ್ ಕಾಂಟ್ರಾಕ್ಟ್‌ಗಳಲ್ಲಿ ಸೆಕ್ಷನ್ 3 ಅಂದರೆ ಸಂಬಳ, 12 ಅಂದರೆ ಡ್ಯೂಟಿ ಮತ್ತು ವಿಶ್ರಾಂತಿ, 25 ಅಂದರೆ ಷೆಡ್ಯೂಲಿಂಗ್, ಯಾರು ಯಾವಾಗ ಹಾರಬೇಕು ಅನ್ನೋ ಏರ್ಪಾಡು. ಹೊಸಬರು 3ನ್ನು ಓದುತ್ತಾರೆ. ಕೆಲವು ಚಳಿಗಾಲ ಕಳೆದವರು ಮೊದಲು ತೆರೆಯೋದು 12 ಮತ್ತು 25ನ್ನು.

ಒಂದು ವಾಕ್ಯ ಎಷ್ಟು ಭಾರ ಹೊರುತ್ತದೆ ಅಂತ ತೋರಿಸುತ್ತೇನೆ. ವಿಶ್ರಾಂತಿ 10 ಗಂಟೆ ಅಂತ ಬರೆದಿದೆ ಅನ್ನಿ. ಯಾವಾಗಿನಿಂದ ಲೆಕ್ಕ? ನಮ್ಮಲ್ಲಿ ವಿಮಾನ ನಿಂತು, ಎಂಜಿನ್ ಆರಿ, ಅರ್ಧ ಗಂಟೆಗೆ ಡ್ಯೂಟಿ ಮುಗಿದಂತೆ. ಬೆಳಗ್ಗೆ ಆರಕ್ಕೆ ಇಳಿದೆವು. ಆರೂವರೆಗೆ ವಿಶ್ರಾಂತಿಯ ಗಡಿಯಾರ ಓಡಲು ಶುರು. ಸರಕು ರ‍್ಯಾಂಪ್ ಅನ್ನೋದು ವಿಮಾನ ನಿಲ್ದಾಣದ ಹಿತ್ತಲು. ಅಲ್ಲಿಗೆ ಹೋಟೆಲ್ ವ್ಯಾನ್ ಬರಬೇಕು, ಗೇಟಿನಲ್ಲಿ ಅದನ್ನು ತಡೆದು ತಪಾಸಣೆ ಮಾಡಬೇಕು. ಹೋಟೆಲ್ ತಲುಪಿದರೆ ನಿನ್ನೆಯ ಅತಿಥಿಗಳು ಇನ್ನೂ ಕೋಣೆ ಬಿಟ್ಟಿಲ್ಲ, ಲಾಬಿಯಲ್ಲಿ ಕೂತಿರಿ ಅಂತಾರೆ. ಕೀ ಸಿಕ್ಕಿ, ಮುಖ ತೊಳೆದು, ಪರದೆಯ ಸಂದಿಗೆ ಬಟ್ಟೆಯ ಕ್ಲಿಪ್ ಹಾಕಿ ಬೆಳಕು ಮುಚ್ಚಿ ಮಲಗುವಾಗ ಎಂಟೂವರೆ. ಒಂಬತ್ತಕ್ಕೆ ಕಾರಿಡಾರಿನಲ್ಲಿ ವ್ಯಾಕ್ಯೂಮ್ ಕ್ಲೀನರ್. ಸಂಜೆ ನಾಲ್ಕೂವರೆಗೆ ಡ್ಯೂಟಿಗೆ ಹಾಜರಾಗಬೇಕೆಂದರೆ ಎರಡೂಮುಕ್ಕಾಲಿಗೆ ಏಳಬೇಕು. ಕಾಗದದಲ್ಲಿ 10 ಗಂಟೆ. ಕಣ್ಣು ಮುಚ್ಚಿದ್ದು, ನಿದ್ದೆ ಹತ್ತಿದ ಅದೃಷ್ಟದ ದಿನ, ಆರು ಗಂಟೆ. ಅದೂ ಹಗಲು ನಿದ್ದೆ, ಚೂರುಚೂರಾಗಿ. ಈ ಗಡಿಯಾರ ಹೋಟೆಲ್ ಕೀ ಕೈಗೆ ಬಂದ ಮೇಲೆ ಓಡಲಿ ಅಂತ ಒಂದು ಸಾಲು ಸೇರಿಸಿದರೆ ಸಾಕು, ನನ್ನ ಬದುಕು ಬೇರೆಯಾಗುತ್ತದೆ. ಆ ಸಾಲಿಗೂ ಬೆಲೆ ಇದೆ: ಅದನ್ನು ಒಪ್ಪಿದರೆ ಕಂಪನಿಗೆ ಇನ್ನಷ್ಟು ಪೈಲಟ್‌ಗಳು ಬೇಕು. ಹಾಗಾಗಿ ಅದು ಸಂಬಳದ ಜೊತೆ ಒಂದೇ ತಕ್ಕಡಿಗೆ ಬೀಳುತ್ತದೆ. ನಿದ್ದೆಯನ್ನು ದುಡ್ಡಿನ ಎದುರು ತೂಗಿ ಚೌಕಾಸಿ ಮಾಡುವ ಸ್ಥಿತಿಗೆ ನಮ್ಮನ್ನು ತಂದು ನಿಲ್ಲಿಸಿದ್ದು ಆ ಕಾನೂನಿನ ಹೊರಗಿಡುವಿಕೆ. ನನಗೆ ಇವತ್ತಿಗೂ ನುಂಗಲಾಗದ ಸಂಗತಿ ಇದು.

ಇನ್ನೊಂದು. ದಣಿದಿದ್ದರೆ ಹಾರಬಾರದು ಅನ್ನೋದು ಎಲ್ಲ ಕಡೆ ನಿಯಮ. ಫೋನ್ ಎತ್ತಿ 'ಫಟೀಗ್' ಅಂತ ಹೇಳಿದರೆ ಆ ಹಾರಾಟದಿಂದ ಬಿಡುಗಡೆ ಸಿಗುತ್ತದೆ. ಆದರೆ ಆ ದಿನದ ಸಂಬಳ ಯಾರ ಲೆಕ್ಕಕ್ಕೆ? ಅದನ್ನೂ ಕಾಂಟ್ರಾಕ್ಟೇ ಹೇಳಬೇಕು. ಒಮ್ಮೆ ಪಶ್ಚಿಮ ತೀರದಲ್ಲಿ ಬೆಳಗಿನ ಜಾವ ಮೂರಕ್ಕೆ ಚೆಕ್‌ಲಿಸ್ಟಿನ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ, ಅರ್ಥವಾಗುತ್ತಿರಲಿಲ್ಲ. ಕ್ಯಾಪ್ಟನ್ ನನ್ನ ಮುಖ ನೋಡಿ ತಾವೂ ಬೇಡ ಅಂದರು. ಇಬ್ಬರೂ ಫೋನ್ ಮಾಡಿದೆವು. ನನ್ನ ಸಿಕ್ ಲೀವಿನ ಖಾತೆಯಿಂದ ಗಂಟೆಗಳು ಕಡಿತವಾದವು. ವಿವರಣೆ ಕೊಡಿ ಅಂತ ಪತ್ರ ಬಂತು. ವಿವರಣೆ ಕೊಟ್ಟೆ. ನನಗೆ ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ, ಆದರೆ ಹೊಸದಾಗಿ ಸೇರಿದ, ಸಾಲ ತಲೆಯ ಮೇಲಿರುವ ಹುಡುಗ ಆ ಪತ್ರ ನೋಡಿದರೆ ಮುಂದಿನ ಸಲ ಫೋನ್ ಎತ್ತುತ್ತಾನೆಯೇ?

ಇಂಥದ್ದನ್ನೆಲ್ಲ ಸರಿಪಡಿಸುವ ಜಾಗ ಮಾತುಕತೆಯ ಮೇಜು. ಆದರೆ ಅಮೆರಿಕದ ವಿಮಾನ ಕಂಪನಿಗಳಲ್ಲಿ ಆ ಮೇಜಿನ ಹತ್ತಿರ ಗಡಿಯಾರವೇ ಇಲ್ಲ. ರೈಲ್ವೆಗಾಗಿ 1926ರಲ್ಲಿ ಮಾಡಿದ ರೈಲ್ವೆ ಲೇಬರ್ ಆಕ್ಟ್ ಅನ್ನು 1936ರಲ್ಲಿ ವಿಮಾನಗಳಿಗೂ ಹಚ್ಚಿದರು. ಅದರ ಪ್ರಕಾರ ನಮ್ಮ ಕಾಂಟ್ರಾಕ್ಟ್‌ಗೆ ಮುಕ್ತಾಯ ಅನ್ನೋದಿಲ್ಲ. ಒಂದು ದಿನಾಂಕ ಬಂದಾಗ ಅದು ತಿದ್ದುಪಡಿಗೆ ತೆರೆದುಕೊಳ್ಳುತ್ತದೆ ಅಷ್ಟೆ. ಹೊಸದು ಆಗುವ ತನಕ ಹಳೆಯದೇ ನಡೆಯುತ್ತದೆ, ಹಳೆಯ ಸಂಬಳ, ಹಳೆಯ ವಿಶ್ರಾಂತಿ. ಮೊದಲು ನೇರ ಮಾತುಕತೆ. ಆಗದಿದ್ದರೆ ನ್ಯಾಷನಲ್ ಮೀಡಿಯೇಷನ್ ಬೋರ್ಡ್‌ನ ಮಧ್ಯಸ್ಥಗಾರರು ಬರುತ್ತಾರೆ. ಅವರು ಎಷ್ಟು ಕಾಲ ಬೇಕಾದರೂ ಕೂರಿಸಬಹುದು. ಇನ್ನು ಪ್ರಯೋಜನವಿಲ್ಲ ಅಂತ ಬೋರ್ಡಿಗೆ ಅನಿಸಿ, ಪಂಚಾಯ್ತಿಗೆ ಒಪ್ಪುತ್ತೀರಾ ಅಂತ ಕೇಳಿ, ಯಾರಾದರೂ ಒಲ್ಲೆ ಅಂದರೆ, ಆಮೇಲೆ 30 ದಿನದ ಕೂಲಿಂಗ್ ಆಫ್, ಅಂದರೆ ಇಬ್ಬರೂ ಏನೂ ಮಾಡದೆ ಕಾಯುವ ಅವಧಿ. ಅದೂ ಮುಗಿದ ಮೇಲೆ ಮುಷ್ಕರ. ಆಗಲೂ ಅಮೆರಿಕದ ಅಧ್ಯಕ್ಷರು ಅಡ್ಡ ಬರಬಹುದು. 1997ರ ಫೆಬ್ರುವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಪೈಲಟ್‌ಗಳು ಮುಷ್ಕರ ಶುರು ಮಾಡಿದ ಕೆಲವೇ ನಿಮಿಷಗಳಲ್ಲಿ ಕ್ಲಿಂಟನ್ ತಡೆದರು. 2010ರ ಜೂನ್‌ನಲ್ಲಿ ಸ್ಪಿರಿಟ್ ಪೈಲಟ್‌ಗಳು ಐದು ದಿನ ಮುಷ್ಕರ ಮಾಡಿದ್ದನ್ನು ಇಲ್ಲಿನವರು ಇನ್ನೂ ನೆನೆಯುತ್ತಾರೆ. ಅಷ್ಟು ಅಪರೂಪ ಅದು.

ಇದನ್ನು ಅಪ್ಪನಿಗೆ ವಿವರಿಸಿದಾಗ ಅವರಿಗೆ ನಂಬಿಕೆಯೇ ಬರಲಿಲ್ಲ. ಅಪ್ಪ ದೂರವಾಣಿನಗರದ ಟೆಲಿಫೋನ್ ಕಾರ್ಖಾನೆ ಐಟಿಐನಲ್ಲಿದ್ದವರು. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್ ತನಕ ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು, ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್, ಐಟಿಐ ಎಲ್ಲ ಸೇರಿ, 77 ದಿನ ಮುಷ್ಕರ ಮಾಡಿದರಲ್ಲ, ಅದರಲ್ಲಿ ಅಪ್ಪನೂ ಇದ್ದರು. ಬಿಎಚ್‌ಇಎಲ್‌ನವರಿಗೆ ಸಮನಾದ ವೇತನ ಕೊಡಿ ಅನ್ನೋದು ಬೇಡಿಕೆ. ಕೇಳಿದ್ದು ಪೂರ್ತಿ ಸಿಗದೆ ಕೆಲಸಕ್ಕೆ ಮರಳಿದರು. ನಾನಿನ್ನೂ ಹುಟ್ಟಿರಲಿಲ್ಲ, ಆ ದಿನಗಳ ಬಗ್ಗೆ ಮನೆಯಲ್ಲಿ ಜಾಸ್ತಿ ಮಾತಾಡಿದ್ದು ಅಮ್ಮನೇ. ಕೆ.ಆರ್. ಪುರದ ದಿನಸಿ ಅಂಗಡಿಯವರು ಉದ್ರಿ ಕೊಟ್ಟಿದ್ದು, ಆ ಸಾಲ ತೀರಿಸಲು ವರ್ಷ ಹಿಡಿದದ್ದು. "ಕೆಲಸ ನಿಲ್ಲಿಸೋಕೆ ಬಿಡಲ್ಲ ಅಂದ್ರೆ ಅವರು ಯಾಕೆ ನಿಮ್ಮ ಮಾತು ಕೇಳ್ತಾರೆ?" ಅಂತ ಅಪ್ಪ ಕೇಳಿದರು. ಇಲ್ಲಿನ ವಕೀಲರೂ ಪೈಲಟ್‌ಗಳೂ ಕೇಳಿಕೊಳ್ಳುವ ಪ್ರಶ್ನೆ ಅದೇ.

ಮುಷ್ಕರ ಬಿಡಿ, ಒಟ್ಟಾಗಿ ಓವರ್‌ಟೈಮ್ ನಿರಾಕರಿಸುವಂತೆಯೂ ಇಲ್ಲ. ಅಟ್ಲಾಸ್ ಏರ್‌ನಲ್ಲಿ ಪೈಲಟ್‌ಗಳು ಹೆಚ್ಚುವರಿ ಹಾರಾಟ ಒಪ್ಪಿಕೊಳ್ಳದಿರುವುದು, ಸಮಯಕ್ಕೆ ಮೊದಲು ಹೊರಡದಿರುವುದು, ಕಾಯಿಲೆ ರಜೆ ಹಾಕುವುದು ಇವೆಲ್ಲ ಯೂನಿಯನ್ ಹೇಳಿಕೊಟ್ಟ ನಿಧಾನ ಚಳವಳಿ ಅಂತ ಕಂಪನಿ ದೂರು ಕೊಟ್ಟಿತು. 2017ರಲ್ಲಿ ಕೋರ್ಟು ಯೂನಿಯನ್ನಿಗೆ ತಡೆಯಾಜ್ಞೆ ಹಾಕಿತು, 2019ರಲ್ಲಿ ಮೇಲ್ಮನವಿಯಲ್ಲೂ ಅದು ನಿಂತಿತು. ಅಲ್ಲಿನ ಮಾತುಕತೆ 2016ರಲ್ಲಿ ಶುರುವಾಗಿ ಕೊನೆಗೆ 2021ರಲ್ಲಿ ಪಂಚರ ತೀರ್ಪಿನಲ್ಲಿ ಮುಗಿಯಿತು. ಒಹಾಯೊದ ವಿಲ್ಮಿಂಗ್ಟನ್ನಿನ ಎಬಿಎಕ್ಸ್ ಏರ್ ಪೈಲಟ್‌ಗಳು, ಸುಮಾರು 250 ಮಂದಿ, 2016ರ ನವೆಂಬರ್ 22ರಂದು ಮುಷ್ಕರಕ್ಕೆ ಇಳಿದರು. ಥ್ಯಾಂಕ್ಸ್‌ಗಿವಿಂಗ್ ವಾರ, ಅಮೆಜಾನ್ ಮತ್ತು ಡಿಎಚ್‌ಎಲ್ ಪೆಟ್ಟಿಗೆಗಳು ತುಂಬಿ ತುಳುಕುವ ಕಾಲ. ರಜೆಯ ದಿನಗಳಲ್ಲೂ ಕೆಲಸಕ್ಕೆ ಎಳೆಯುತ್ತಿದ್ದಾರೆ, ಬದಲಿ ರಜೆ ಕೊಡುತ್ತಿಲ್ಲ ಅನ್ನೋದು ಅವರ ದೂರು. ಮಾರನೇ ದಿನವೇ ನ್ಯಾಯಾಧೀಶರು ಕೆಲಸಕ್ಕೆ ಮರಳಿ ಅಂದರು, ಮರಳಿದರು. ನಮ್ಮ ಪಕ್ಕದ ಊರಿನ ಕಥೆ ಅದು. ಅವತ್ತು ಪ್ಲಕಾರ್ಡ್ ಹಿಡಿದವರಲ್ಲಿ ಕೆಲವರು ಈಗ ನನ್ನ ಜೊತೆ ಹಾರುತ್ತಾರೆ. ಆ ಎರಡು ದಿನಗಳ ಮಾತು ಬಂದರೆ ಅವರ ದನಿ ಬದಲಾಗುತ್ತದೆ.

ಇಷ್ಟೆಲ್ಲ ಕಟ್ಟಿಹಾಕಿದ ಮೇಲೆ ಉಳಿಯೋದು ಎರಡು. ಒಂದು, ಮೌನ ಮೆರವಣಿಗೆ. ಇಲ್ಲಿ ಅದಕ್ಕೆ ಇನ್ಫರ್ಮೇಷನಲ್ ಪಿಕೆಟಿಂಗ್ ಅಂತಾರೆ. ಬಿಡುವಿನ ದಿನ ಬಂದು ಪೂರ್ತಿ ಯೂನಿಫಾರ್ಮ್ ಹಾಕಿ, ಜುಲೈ ಬಿಸಿಲಿನಲ್ಲೂ ಕೋಟಿನ ಗುಂಡಿ ಹಾಕಿಕೊಂಡು, ಕ್ಯಾಪ್ ನೇರ ಇಟ್ಟುಕೊಂಡು ನಡೆಯಬೇಕು. ಮುಂದಿನವರಿಗೂ ನಮಗೂ ಎರಡು ತೋಳಿನ ಅಂತರ. ಮಾತಿಲ್ಲ, ಫೋನಿಲ್ಲ, ಕಪ್ಪು ಕನ್ನಡಕದವರು ಕೂಡ ಎದುರು ನೋಡಿಕೊಂಡೇ ನಡೆಯಬೇಕು. ಮೂಲೆಯಲ್ಲಿ ತಿರುಗುವಾಗ ಫಲಕ ಒಂದು ಕೈಯಿಂದ ಇನ್ನೊಂದಕ್ಕೆ. ಘೋಷಣೆ ಕೂಗೋದೇ ಮುಷ್ಕರ ಅಂತ ತಿಳಿದ ಮನೆಯಲ್ಲಿ ಬೆಳೆದವಳಿಗೆ ಮೊದಲಿಗೆ ಇದು ವಿಚಿತ್ರ ಅನಿಸಿತ್ತು. ಆದರೆ ನೂರಾರು ಜನ ಸದ್ದಿಲ್ಲದೆ, ಸಾಲು ತಪ್ಪದೆ ನಡೆಯುವಾಗ ರಸ್ತೆಯಲ್ಲಿ ಹೋಗುವ ಲಾರಿಗಳು ತಾವಾಗಿ ನಿಧಾನವಾಗುತ್ತವೆ. ಹಾರ್ನ್ ಒತ್ತಿ ಬೆಂಬಲ ಹೇಳುವವರೂ ಇದ್ದಾರೆ.

ಎರಡನೆಯದು, 'ಬೇಡ' ಅಂತ ಮತ ಹಾಕುವ ಹಕ್ಕು. ಅದನ್ನು ಫೆಡೆಕ್ಸ್ ಪೈಲಟ್‌ಗಳು ಬಳಸಿದ್ದನ್ನು ನಾನು ಉಸಿರು ಬಿಗಿ ಹಿಡಿದು ನೋಡಿದ್ದೆ. ಅವರ ಮಾತುಕತೆ ಶುರುವಾದದ್ದು 2021ರಲ್ಲಿ, ಮುಂದಿನ ವರ್ಷ ಮಧ್ಯಸ್ಥಿಕೆಗೆ ಹೋಯಿತು. 2023ರ ಮೇನಲ್ಲಿ ಮುಷ್ಕರಕ್ಕೆ ಅಧಿಕಾರ ಕೊಡುವ ಮತದಾನದಲ್ಲಿ ಶೇ 99 ಮಂದಿ ಹೌದು ಅಂದರು. ಅದೇ ತಿಂಗಳ ಕೊನೆಗೆ ತಾತ್ಕಾಲಿಕ ಒಪ್ಪಂದ ಆಯಿತು. ಸಂಬಳದಲ್ಲಿ ಶೇ 30 ಏರಿಕೆ, ಹಳೆಯ ಪೆನ್ಷನ್ನಿನಲ್ಲೂ ಶೇ 30 ಏರಿಕೆ ಅಂತ ಸುದ್ದಿಯಾಯಿತು. ಯೂನಿಯನ್ ನಾಯಕರು ಒಪ್ಪಿದರು. ಜುಲೈನಲ್ಲಿ ಪೈಲಟ್‌ಗಳು ಶೇ 57 ಮತಗಳಿಂದ ತಿರಸ್ಕರಿಸಿದರು.

ಹೊರಗಿನವರಿಗೆ ಇದು ದುರಾಸೆಯಂತೆ ಕಂಡಿತು. ಬೆಂಗಳೂರಿನ ಗೆಳತಿಯೊಬ್ಬಳು "ಮೂವತ್ತು ಪರ್ಸೆಂಟ್ ಬೇಡ ಅಂದರಂತಲ್ಲ" ಅಂತ ಕೇಳಿದಳು. ಅದೇ ವರ್ಷ ಮಾರ್ಚ್‌ನಲ್ಲಿ ಡೆಲ್ಟಾ ಪೈಲಟ್‌ಗಳು ನಾಲ್ಕು ವರ್ಷದಲ್ಲಿ ಶೇ 34 ಪಡೆದಿದ್ದರು, ಹೋಲಿಕೆ ಎಲ್ಲರ ಬಾಯಲ್ಲೂ ಇತ್ತು ನಿಜ. ಆದರೆ ಅಲ್ಲಿನ ಪರಿಚಯದವರ ಜೊತೆ ಆಗ ಮಾತಾಡಿದಾಗ ಶೇಕಡಾವಾರಿನ ಮಾತು ಬೇಗ ಮುಗಿಯುತ್ತಿತ್ತು. ಪೆನ್ಷನ್, ಷೆಡ್ಯೂಲಿಂಗ್, ನಮ್ಮ ಹಾರಾಟವನ್ನು ನಾಳೆ ಬೇರೆಯವರಿಗೆ ಗುತ್ತಿಗೆ ಕೊಟ್ಟರೆ ಏನು ಗತಿ ಅನ್ನೋ ಭಯ, ಇವುಗಳ ಮೇಲೆ ಮಾತು ಗಂಟೆಗಟ್ಟಲೆ ನಡೆಯುತ್ತಿತ್ತು. ಆ 'ಬೇರೆಯವರು' ಅಂದರೆ ನನ್ನ ಕಂಪನಿಯಂಥವರು ಅನ್ನೋದು ಇಬ್ಬರಿಗೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿಯೇ ಮಾತು ಮುಂದುವರಿಸುತ್ತಿದ್ದೆವು. ನಾವು ಅಗ್ಗಕ್ಕೆ, ದಣಿದು ಹಾರಿದಷ್ಟೂ ಅವರ ಮೇಜಿನಲ್ಲಿ ಅವರ ಬಲ ಕಡಿಮೆ.

ಆ 'ಬೇಡ'ಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಕೋವಿಡ್ ಕಾಲದ ಸರಕಿನ ಸುಗ್ಗಿ ಅಷ್ಟರಲ್ಲಿ ಮುಗಿದಿತ್ತು. ನವೆಂಬರ್‌ನಲ್ಲಿ ಕಂಪನಿ, ನಮ್ಮಲ್ಲಿ ಪೈಲಟ್‌ಗಳು ಹೆಚ್ಚಾಗಿದ್ದಾರೆ, ಬೇಕಾದರೆ ಪಿಎಸ್‌ಎ ಏರ್‌ಲೈನ್ಸ್‌ಗೆ ಹೋಗಿ ಅಂತ ಹೇಳಿತು. ಪಿಎಸ್‌ಎ ಅಂದರೆ ಅಮೆರಿಕನ್ ಏರ್‌ಲೈನ್ಸ್‌ನ ಸಣ್ಣ ಪ್ರಾದೇಶಿಕ ಕಂಪನಿ. ದೊಡ್ಡ ಬೋಯಿಂಗ್ 777 ಹಾರಿಸುವವರಿಗೆ ಮತ್ತೆ ಸಣ್ಣ ಜೆಟ್ಟಿಗೆ ಹೋಗಿ ಅನ್ನುವ ಮಾತು. 2024ರ ಏಪ್ರಿಲ್‌ನಲ್ಲಿ ಅಂಚೆ ಇಲಾಖೆಯ ದೊಡ್ಡ ಗುತ್ತಿಗೆ ಯುಪಿಎಸ್ ಪಾಲಾಗುತ್ತದೆ ಅನ್ನೋ ಸುದ್ದಿ ಬಂತು, ಸೆಪ್ಟೆಂಬರ್ ಕೊನೆಗೆ ಫೆಡೆಕ್ಸ್ ಕೈಯಿಂದ ಅದು ಹೋಯಿತು. ಅದರ ಜೊತೆಗೆ ಹಗಲಿನ ಹಾರಾಟಗಳು ಹೋದವು, ಅಂದರೆ ರಾತ್ರಿ ಮನೆಯಲ್ಲಿ ಮಲಗಬಹುದಾಗಿದ್ದ ಡ್ಯೂಟಿಗಳು. ಕಾಂಟ್ರಾಕ್ಟ್ ಮಾತ್ರ 2025ರಲ್ಲೂ ಆಗಿರಲಿಲ್ಲ. ಕಾಲ ಸರಿದಷ್ಟೂ ಹಳೆಯ ಸಂಬಳಕ್ಕೆ ಹೊಸ ಬೆಲೆಗಳ ಬದುಕು ನಡೆಸಬೇಕಾದವರು ಪೈಲಟ್‌ಗಳು. ಕಂಪನಿಗೆ ಕಾಯುವುದೇ ಉಳಿತಾಯ. ನನ್ನ ಮಟ್ಟಿಗೆ ಈ ಕಾನೂನಿನ ದೊಡ್ಡ ಅನ್ಯಾಯ ಇದು. ಶಾಂತಿ ಕಾಪಾಡಲು ಮಾಡಿದ ಏರ್ಪಾಡು ಒಂದೇ ಕಡೆಯವರ ತಾಳ್ಮೆಯನ್ನು ತಿಂದು ಬದುಕುತ್ತಿದೆ.

ಆದರೂ ಆ ಒಪ್ಪಂದಕ್ಕೆ ಹೌದು ಅಂದ ಶೇ 43 ಮಂದಿ ತಪ್ಪು ಮಾಡಿದರು ಅಂತ ನಾನು ಹೇಳಲಾರೆ. ನಿವೃತ್ತಿಗೆ ಎರಡು ವರ್ಷ ಉಳಿದವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 65 ತುಂಬಿದರೆ ಇಲ್ಲಿ ಪೈಲಟ್ ಇಳಿಯಲೇಬೇಕು. ಮುಂದಿನ ಕಾಂಟ್ರಾಕ್ಟ್ ಬರುವ ಹೊತ್ತಿಗೆ ಅವರು ಸೀಟಿನಲ್ಲಿ ಇರೋದಿಲ್ಲ. ಒಂದೇ ಯೂನಿಯನ್ನಿನ ಒಳಗೆ ಮೂವತ್ತರ ಹುಡುಗಿಯ ಲೆಕ್ಕ ಬೇರೆ, ಅರವತ್ಮೂರರ ಕ್ಯಾಪ್ಟನ್ನಿನ ಲೆಕ್ಕ ಬೇರೆ. ಫೋನಿನಲ್ಲಿ ನನಗೆ ಅತಿ ಕಷ್ಟವಾಗುವ ಮಾತು ಇಂಥ ಹಿರಿಯರ ಜೊತೆಯದು. ಅವರಿಗೆ ತಾಳಿ ಅನ್ನಲು ನಾನು ಯಾರು?

ಹೊಸಬರ ಜೊತೆ ಬೇರೆ ಥರ. ಗಂಟೆಗೆ ಎಷ್ಟು ಡಾಲರ್ ಕೇಳುತ್ತೀರಿ ಅನ್ನೋದು ಅವರ ಮೊದಲ ಪ್ರಶ್ನೆ. ಸೆಕ್ಷನ್ 12 ತೆರೆಯಿರಿ ಅನ್ನುತ್ತೇನೆ, ವಿಶ್ರಾಂತಿ ಎಲ್ಲಿಂದ ಶುರುವಾಗುತ್ತದೆ ಅಂತ ಓದಿ ಹೇಳಿ ಅನ್ನುತ್ತೇನೆ. ಆ ಕಡೆ ಪುಟ ತಿರುಗಿಸುವ ಸದ್ದು, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. "ಅರ್ಧ ಗಂಟೆಯಾ?" ಅಂತ ಕೇಳುತ್ತಾರೆ. ಹೌದು, ಅರ್ಧ ಗಂಟೆ.

ನಮ್ಮ ಸದಸ್ಯರ ಸಮೀಕ್ಷೆ ಈ ತಿಂಗಳು ಮುಗಿಯುತ್ತದೆ. ಆದ್ಯತೆಯ ಪಟ್ಟಿಯಲ್ಲಿ ನಾನು ಮೊದಲು ಬರೆದದ್ದು ವಿಶ್ರಾಂತಿಯ ಲೆಕ್ಕ ಹೋಟೆಲ್ ಕೋಣೆಯಿಂದ ಶುರುವಾಗಲಿ ಅಂತ. ಎರಡನೆಯದು, ಫಟೀಗ್ ಅಂತ ಫೋನ್ ಮಾಡಿದವರ ಸಿಕ್ ಲೀವ್ ಮುಟ್ಟಬಾರದು. ಮೂರನೆಯದು, ಸತತ ರಾತ್ರಿ ಡ್ಯೂಟಿಗಳಿಗೆ ಮಿತಿ. ಸಂಬಳ ನಾಲ್ಕನೆಯದು. ಇದು ನನ್ನ ಪಟ್ಟಿ. ಮಕ್ಕಳನ್ನು ಕಾಲೇಜಿಗೆ ಕಳಿಸುತ್ತಿರುವವರ ಪಟ್ಟಿ ಬೇರೆ ಇರುತ್ತದೆ, ಅದೂ ನ್ಯಾಯವೇ. ಎಲ್ಲ ಸೇರಿ ಏನಾಗುತ್ತದೋ ಅದನ್ನೇ ನಮ್ಮ ಸಮಿತಿ ಮೇಜಿಗೆ ಒಯ್ಯುತ್ತದೆ. ಒಳಗೆ ನಡೆಯುವ ಮಾತನ್ನು ಹೊರಗೆ ಹೇಳುವಂತಿಲ್ಲ, ಹಾಗಾಗಿ ಶುರುವಾದ ಮೇಲೆ ಇಲ್ಲಿ ಈ ಬಗ್ಗೆ ಬರೆಯುವುದು ಕಡಿಮೆಯಾಗುತ್ತದೆ. ಅಷ್ಟರೊಳಗೆ ಕೇಳುವುದಿದ್ದರೆ ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ.